ಯುರೋಪಿನ ಫುಟ್‌ಬಾಲ್‌ನಲ್ಲಿ ಸಣ್ಣ ಕ್ಲಬ್‌ಗಳ ಅರ್ಹತಾ ಹೋರಾಟ

ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್‌ಎಯಲ್ಲಿ 55 ರಾಷ್ಟ್ರೀಯ ಸಂಘಗಳಿದ್ದು, ಸ್ಪೇನ್, ಜರ್ಮನಿಗಳಂಥ ದೊಡ್ಡ ದೇಶಗಳ ಜೊತೆಗೆ ಸ್ಯಾನ್ ಮರಿನೊ, ಅಂಡೋರಾ, ಫ್ಯಾರೋ ದ್ವೀಪಗಳು, ಜಿಬ್ರಾಲ್ಟರ್ ಮೊದಲಾದ, ಒಂದು ಲಕ್ಷ ಜನಸಂಖ್ಯೆಯೂ ಇಲ್ಲದ ನಾಡುಗಳೂ ಅದರಲ್ಲಿ ಸೇರಿವೆ. ಈ ಪುಟ್ಟ ನಾಡುಗಳ ಲೀಗ್ ಗೆದ್ದ ತಂಡಕ್ಕೂ ಖಂಡದ ಅತ್ಯುನ್ನತ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ಗೆ ಪ್ರಯತ್ನಿಸುವ ಹಕ್ಕಿದೆ. ಆ ಹಕ್ಕು ಚಲಾವಣೆಗೆ ಬರುವುದು ಜುಲೈ ಆರಂಭದಿಂದ ಆಗಸ್ಟ್ ಕೊನೆಯವರೆಗೆ ನಡೆಯುವ ಅರ್ಹತಾ ಸುತ್ತುಗಳಲ್ಲಿ.

2024–25ರ ಋತುವಿನಿಂದ ಚಾಂಪಿಯನ್ಸ್ ಲೀಗ್‌ನ ಮುಖ್ಯ ಹಂತದಲ್ಲಿ 36 ತಂಡಗಳು ಆಡುತ್ತಿದ್ದು, ಅವುಗಳಲ್ಲಿ 29 ನೇರವಾಗಿ ಪ್ರವೇಶ ಪಡೆಯುತ್ತವೆ, ಉಳಿದ ಏಳು ಸ್ಥಾನಗಳನ್ನು ಮಾತ್ರ ಅರ್ಹತಾ ಸುತ್ತುಗಳ ಮೂಲಕ ತುಂಬಲಾಗುತ್ತದೆ. ಈ ಏಳರಲ್ಲಿ ಐದು, ಸಣ್ಣ ಮತ್ತು ಮಧ್ಯಮ ದೇಶಗಳ ಲೀಗ್ ವಿಜೇತರಿಗಾಗಿಯೇ ಇರುವ ‘ಚಾಂಪಿಯನ್ನರ ಹಾದಿ’ಗೆ ಸೇರಿದವು, ಇನ್ನೆರಡು, ಲೀಗ್ ಗೆಲ್ಲದಿದ್ದರೂ ಮೇಲಿನ ಸ್ಥಾನ ಗಳಿಸಿದ ತಂಡಗಳಿಗೆ ಮೀಸಲು. ಪ್ರತಿ ಸುತ್ತಿನಲ್ಲೂ ಎರಡು ತಂಡಗಳು ಒಮ್ಮೆ ತಮ್ಮ ಮೈದಾನದಲ್ಲಿ, ಇನ್ನೊಮ್ಮೆ ಎದುರಾಳಿಯ ಮೈದಾನದಲ್ಲಿ ಆಡುತ್ತವೆ. ಎರಡೂ ಪಂದ್ಯಗಳ ಗೋಲುಗಳನ್ನು ಕೂಡಿಸಿದಾಗ ಮುಂದಿರುವ ತಂಡ ಮೇಲಿನ ಸುತ್ತಿಗೆ ಹೋಗುತ್ತದೆ, ಒಟ್ಟು ಸಮವಾದರೆ ಹೆಚ್ಚುವರಿ ಅವಧಿ, ಅಲ್ಲಿಯೂ ತೀರ್ಮಾನವಾಗದಿದ್ದರೆ ಪೆನಾಲ್ಟಿ ಶೂಟೌಟ್.

ಯಾರಿಗೆ ಯಾರು ಎದುರಾಳಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಗುತ್ತದೆಯಾದರೂ ಅದು ಕೇವಲ ಅದೃಷ್ಟದ ಮಾತಲ್ಲ. ಹಿಂದಿನ ಐದು ಋತುಗಳ ಯುರೋಪಿಯನ್ ಪಂದ್ಯಗಳಲ್ಲಿ ಪ್ರತಿ ಕ್ಲಬ್ ಗಳಿಸಿದ ಅಂಕಗಳನ್ನು ಒಟ್ಟುಗೂಡಿಸಿ ಶ್ರೇಯಾಂಕ ನೀಡಲಾಗುತ್ತದೆ, ಮೇಲಿನ ಶ್ರೇಯಾಂಕದ ತಂಡಗಳು ಪರಸ್ಪರ ಎದುರಾಗದಂತೆ ನೋಡಿಕೊಳ್ಳಲಾಗುತ್ತದೆ. ಇದರಿಂದಾಗಿ, ಹಿಂದೆ ಗೆದ್ದ ದಾಖಲೆಯಿಲ್ಲದ ಸಣ್ಣ ಕ್ಲಬ್‌ಗೆ ಮೊದಲ ಸುತ್ತಿನಲ್ಲಿಯೇ ಬಲಾಢ್ಯ ಎದುರಾಳಿ ಸಿಗುತ್ತದೆ, ಅಲ್ಲಿ ಸೋತರೆ ಅಂಕಗಳ ಕೊರತೆ ಮುಂದಿನ ವರ್ಷಕ್ಕೂ ಮುಂದುವರಿಯುತ್ತದೆ.

ಈ ಕಷ್ಟವನ್ನು ಸ್ವಲ್ಪಮಟ್ಟಿಗೆ ತಗ್ಗಿಸಿದ್ದು 2021ರಲ್ಲಿ ಆರಂಭವಾದ, ಚಾಂಪಿಯನ್ಸ್ ಲೀಗ್ ಮತ್ತು ಯುರೋಪಾ ಲೀಗ್‌ಗಳ ನಂತರದ ಮೂರನೆಯ ಸ್ತರದ ಟೂರ್ನಿಯಾದ ಕಾನ್ಫರೆನ್ಸ್ ಲೀಗ್. ಇದರ ಮುಖ್ಯ ಹಂತಕ್ಕೆ ಯಾವ ದೇಶದ ತಂಡಕ್ಕೂ ನೇರ ಪ್ರವೇಶವಿಲ್ಲ; ಎಲ್ಲರೂ ಅರ್ಹತಾ ಸುತ್ತುಗಳನ್ನು ದಾಟಿಯೋ, ಮೇಲಿನ ಟೂರ್ನಿಯ ಅರ್ಹತಾ ಸುತ್ತಿನಲ್ಲಿ ಸೋತು ಇಳಿದೋ ಬರಬೇಕು. ಚಾಂಪಿಯನ್ನರ ಹಾದಿಯಲ್ಲಿ ಸೋತ ತಂಡ ಕೂಡಲೇ ಮನೆಗೆ ಹೋಗದೆ ಕೆಳಗಿನ ಟೂರ್ನಿಗೆ ಇಳಿಯುವುದರಿಂದ, ಚಾಂಪಿಯನ್ಸ್ ಲೀಗ್‌ನ ಮೊದಲ ಎರಡು ಅರ್ಹತಾ ಸುತ್ತುಗಳನ್ನು ಗೆದ್ದ ತಂಡಕ್ಕೆ, ಅನಂತರದ ಎಲ್ಲ ಸುತ್ತುಗಳಲ್ಲಿ ಸೋತರೂ, ಕಾನ್ಫರೆನ್ಸ್ ಲೀಗ್‌ನಲ್ಲಿ ಸ್ಥಾನ ಖಚಿತ.

ಈ ವ್ಯವಸ್ಥೆಯ ಅರ್ಥ ಸ್ಪಷ್ಟವಾಗಿ ಕಂಡದ್ದು 2023ರಲ್ಲಿ, ಫ್ಯಾರೋ ದ್ವೀಪಗಳ ಕ್ಲಾಕ್ಸ್‌ವಿಕ್ ಎಂಬ ಸುಮಾರು ಐದು ಸಾವಿರ ಜನರ ಮೀನುಗಾರಿಕೆಯ ಊರಿನ ಕೆಐ ಕ್ಲಬ್‌ನ ಯಾತ್ರೆಯಲ್ಲಿ. ಮೊದಲ ಸುತ್ತಿನ ಎದುರಾಳಿ ಹಂಗೆರಿಯ ಚಾಂಪಿಯನ್ ಫೆರೆಂಕ್ವಾರೋಸ್. ಊರಿನ ಪಂದ್ಯ 0–0 ಆದ ಬಳಿಕ, ಬುಡಾಪೆಸ್ಟ್‌ನಲ್ಲಿ ಆರ್ನಿ ಫ್ರೆಡ್ರಿಕ್ಸ್‌ಬರ್ಗ್ ಎರಡು ಮತ್ತು ಲುಕ್ ಕಾಸಿ ಒಂದು ಗೋಲು ಹೊಡೆದು 3–0 ಅಂತರದ ಗೆಲುವು ತಂದರು, ಮರುದಿನವೇ ಹಂಗೆರಿಯ ಆ ಕ್ಲಬ್ ತನ್ನ ಕೋಚ್ ಸ್ಟಾನಿಸ್ಲಾವ್ ಚೆರ್ಚೆಸೋವ್ ಅವರನ್ನು ಹುದ್ದೆಯಿಂದ ತೆಗೆಯಿತು. ಎರಡನೆಯ ಸುತ್ತಿನಲ್ಲಿ ಸ್ವೀಡನ್ನಿನ ಚಾಂಪಿಯನ್ ಹೆಕೆನ್ ತಂಡವನ್ನು ಪೆನಾಲ್ಟಿಗಳಲ್ಲಿ ಮಣಿಸಿದ ಕೆಐ, ಮುಂದೆ ನಾರ್ವೆಯ ಮೋಲ್ಡೆಗೂ ಮಾಲ್ಡೋವಾದ ಶೆರಿಫ್‌ಗೂ ಸೋತಿತಾದರೂ, ಮೇಲೆ ಹೇಳಿದ ನಿಯಮದಂತೆ ಕಾನ್ಫರೆನ್ಸ್ ಲೀಗ್ ಪ್ರವೇಶಿಸಿ, ಯುರೋಪಿನ ಟೂರ್ನಿಯೊಂದರ ಗುಂಪು ಹಂತದಲ್ಲಿ ಆಡಿದ ಮೊದಲ ಫ್ಯಾರೋ ಕ್ಲಬ್ ಎನಿಸಿತು. ಅಲ್ಲಿ ಫ್ರಾನ್ಸ್‌ನ ಲಿಲ್ ವಿರುದ್ಧ ಗೋಲಿಲ್ಲದ ಡ್ರಾ ಸಾಧಿಸಿ, ಸ್ಲೊವೇನಿಯಾದ ಒಲಿಂಪಿಯಾ ವಿರುದ್ಧ 3–0 ಗೆದ್ದಿತು.

ಜಿಬ್ರಾಲ್ಟರ್‌ನ ಲಿಂಕನ್ ರೆಡ್ ಇಂಪ್ಸ್ ಕ್ಲಬ್‌ನ ಚರಿತ್ರೆ ಇದಕ್ಕಿಂತ ನಿಧಾನಗತಿಯದು. ವಿಮಾನ ನಿಲ್ದಾಣದ ರನ್‌ವೇಗೆ ಹೊಂದಿಕೊಂಡಿರುವ ವಿಕ್ಟೋರಿಯಾ ಕ್ರೀಡಾಂಗಣದಲ್ಲಿ 2016ರ ಜುಲೈ 12ರಂದು, ವೃತ್ತಿಯಲ್ಲಿ ಪೊಲೀಸ್ ಆಗಿದ್ದ ಲೀ ಕಾಶಿಯಾರೊ ಹೊಡೆದ ಏಕೈಕ ಗೋಲಿನಿಂದ ಅದು, 1967ರಲ್ಲಿ ಯುರೋಪಿಯನ್ ಕಪ್ ಗೆದ್ದಿದ್ದ ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡವನ್ನು ಸೋಲಿಸಿತು. ಗ್ಲಾಸ್ಗೊದಲ್ಲಿ 0–3 ಸೋಲಿನೊಂದಿಗೆ ಆ ವರ್ಷದ ಓಟ ಮುಗಿಯಿತು. 2021ರಲ್ಲಿ ಕಾನ್ಫರೆನ್ಸ್ ಲೀಗ್‌ನ ಗುಂಪು ಹಂತ ತಲುಪಿದಾಗ ಆರೂ ಪಂದ್ಯಗಳನ್ನು ಸೋಲಬೇಕಾಯಿತು. 2025ರಲ್ಲಿ ಮತ್ತೆ ಮುಖ್ಯ ಹಂತಕ್ಕೆ ಬಂದು ಪೋಲೆಂಡಿನ ಲೆಖ್ ಪೋಜ್ನಾನ್ ವಿರುದ್ಧ 2–1 ಗೆದ್ದಿತು.

ಇಂಥ ಫಲಿತಾಂಶಗಳಿಗೆ ಧೈರ್ಯವೊಂದೇ ಕಾರಣವಲ್ಲ. ಉತ್ತರದ ಶೀತ ದೇಶಗಳಲ್ಲಿ ಲೀಗ್ ಪಂದ್ಯಗಳು ವಸಂತದಿಂದ ಶರತ್ಕಾಲದವರೆಗೆ ನಡೆಯುವುದರಿಂದ ಜುಲೈನಲ್ಲಿ ಅಲ್ಲಿನ ಆಟಗಾರರು ಪೂರ್ಣ ಲಯದಲ್ಲಿರುತ್ತಾರೆ, ಮಧ್ಯ ಯುರೋಪಿನ ಎದುರಾಳಿಗಳಾದರೋ ಆಗಷ್ಟೇ ರಜೆ ಮುಗಿಸಿ ಅಭ್ಯಾಸಕ್ಕೆ ಇಳಿದಿರುತ್ತಾರೆ. ಆದರೆ ಗೆದ್ದ ಮೇಲೆ ಬೇರೆ ಬಗೆಯ ತೊಡಕುಗಳು ಎದುರಾಗುತ್ತವೆ: ಯುಇಎಫ್‌ಎ ವಿಧಿಸುವ ಕ್ರೀಡಾಂಗಣದ ಮಾನದಂಡಗಳಿಂದಾಗಿ ಕೆಐ ತನ್ನ ಗುಂಪು ಹಂತದ ಪಂದ್ಯಗಳನ್ನು ರಾಜಧಾನಿ ಟೋರ್ಸ್‌ಹಾವ್ನ್‌ನಲ್ಲಿ ಆಡಬೇಕಾಯಿತು, ಐಸ್‌ಲ್ಯಾಂಡಿನ ವೈಕಿಂಗುರ್ ಕ್ಲಬ್ 2024–25ರ ಋತುವಿನಲ್ಲಿ, ರಾತ್ರಿ ಪಂದ್ಯಕ್ಕೆ ಬೇಕಾದಷ್ಟು ಪ್ರಖರ ದೀಪಗಳಿಲ್ಲದ ಕಾರಣ ಮಧ್ಯಾಹ್ನದ ಹಗಲಲ್ಲಿ ಆಡಿ, ನಾಕೌಟ್ ಹಂತದಲ್ಲಿ ಗ್ರೀಸ್‌ನ ಪನಥಿನೈಕೋಸ್ ವಿರುದ್ಧದ ‘ತವರಿನ’ ಪಂದ್ಯವನ್ನು ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಆಡಿ ಗೆದ್ದಿತು.

ಹಣದ ವಿಷಯವೂ ಇಲ್ಲಿ ಮುಖ್ಯವಾದುದು. 2024ರಿಂದ ಆರಂಭವಾದ ಮೂರು ವರ್ಷಗಳ ಅವಧಿಯಲ್ಲಿ ಚಾಂಪಿಯನ್ಸ್ ಲೀಗ್‌ನ ಮುಖ್ಯ ಹಂತ ತಲುಪಿದ ತಂಡಕ್ಕೆ 1 ಕೋಟಿ 86 ಲಕ್ಷ ಯೂರೋಗೂ ಹೆಚ್ಚಿನ ಮೊತ್ತ ಆರಂಭದಲ್ಲೇ ದೊರೆತರೆ, ಕಾನ್ಫರೆನ್ಸ್ ಲೀಗ್ ತಲುಪಿದ ತಂಡಕ್ಕೆ ಸಿಗುವುದು 31 ಲಕ್ಷ 70 ಸಾವಿರ ಯೂರೋ ಮತ್ತು ಪ್ರತಿ ಗೆಲುವಿಗೆ 4 ಲಕ್ಷ ಯೂರೋ. ದೊಡ್ಡ ಕ್ಲಬ್‌ಗೆ ಅಲ್ಪವೆನಿಸುವ ಈ ಮೊತ್ತ ಸಣ್ಣ ಕ್ಲಬ್‌ನ ಮೈದಾನ, ತರಬೇತಿ, ಯುವ ತಂಡಗಳ ಸ್ವರೂಪವನ್ನೇ ಬದಲಿಸಬಲ್ಲದು. ಆದರೆ ಒಂದೇ ಕ್ಲಬ್ ವರ್ಷ ವರ್ಷವೂ ಯುರೋಪಿನ ಹಣ ಪಡೆದರೆ ಅದರ ಸ್ವದೇಶದ ಲೀಗ್‌ನಲ್ಲಿ ಸ್ಪರ್ಧೆ ಕುಂದುತ್ತದೆ ಎಂಬ ಅಪಾಯವೂ ಇದೆ. ಬಲ್ಗೇರಿಯಾದಲ್ಲಿ ಲುಡೊಗೊರೆಟ್ಸ್ 2012ರಿಂದ 2025ರವರೆಗೆ ಸತತ 14 ಬಾರಿ ಪ್ರಶಸ್ತಿ ಗೆದ್ದುದರ ಹಿಂದೆ ಮಾಲೀಕರ ಬಂಡವಾಳದ ಜೊತೆಗೆ ಈ ಆದಾಯದ ಪಾತ್ರವೂ ಇದೆ.

ಇಷ್ಟಾದರೂ, ಅರ್ಹತಾ ಸುತ್ತುಗಳ ಮಹತ್ವವನ್ನು ಅಲ್ಲಿ ಯಾರು ಸೋತರು ಎಂಬುದಕ್ಕಿಂತ, ಯಾರು ಯಾರೊಡನೆ ಸಮಾನ ನಿಯಮದಡಿ ಆಡಲು ಸಾಧ್ಯವಾಯಿತು ಎಂಬುದರಿಂದ ಅಳೆಯುವುದು ನ್ಯಾಯ. 1955ರಲ್ಲಿ ಯುರೋಪಿಯನ್ ಕಪ್ ಆರಂಭವಾದ ಮೇಲೆ ಹಲವು ದಶಕಗಳ ಕಾಲ ಸಣ್ಣ ದೇಶದ ಚಾಂಪಿಯನ್ನರೂ ದೊಡ್ಡವರೊಡನೆ ಮುಖ್ಯ ಟೂರ್ನಿಯಲ್ಲೇ ಸೆಣಸುತ್ತಿದ್ದರು. ಇಂದು ಅವರಿಗೆ ಉಳಿದಿರುವುದು ಐದು ಸ್ಥಾನಗಳ ಕಿರುದಾರಿ ಮತ್ತು ಅದರ ಕೆಳಗೆ ಹಾಸಿದ ಕಾನ್ಫರೆನ್ಸ್ ಲೀಗ್‌ನ ಆಸರೆ. ದೊಡ್ಡ ಕ್ಲಬ್‌ಗಳಿಗೆ ನೇರ ಸ್ಥಾನಗಳನ್ನು ಹೆಚ್ಚಿಸುವ ಒತ್ತಡ ಮುಂದೆ ಎಷ್ಟೇ ಬಂದರೂ ಈ ದಾರಿಯನ್ನು ಇನ್ನಷ್ಟು ಕಿರಿದಾಗಿಸಬಾರದು; ಐದು ಸಾವಿರ ಜನರ ಊರಿನ ತಂಡವೊಂದು ಗೆದ್ದು ಒಳಗೆ ಬರುವ ಅವಕಾಶ ಇರುವವರೆಗೆ ಮಾತ್ರ ಈ ಟೂರ್ನಿಗಳು ಇಡೀ ಯುರೋಪಿನವು ಎನ್ನಿಸಿಕೊಳ್ಳಲು ಯೋಗ್ಯ.