ಚುನಾವಣೆ ಮಾರ್ಕೆಟಿಂಗ್: ಶಿವಮೊಗ್ಗದಲ್ಲಿ ಓಡೋದು ಚಿಹ್ನೆಯೋ, ಹೆಸರೋ?

ಶಿವಮೊಗ್ಗ: ಗಾಂಧಿ ಬಜಾರ್ ವ್ಯಾಪಾರಿಗಳಿಗೆ ಗೊತ್ತು, ಗಿರಾಕಿ ಕೈ ಹೋಗೋದು ಪರಿಚಯದ ಪ್ಯಾಕೆಟ್ ಮೇಲೇ. ಮತಯಂತ್ರದ ಮುಂದೆಯೂ ಹೆಚ್ಚುಕಡಿಮೆ ಇದೇ ಲೆಕ್ಕ.

2024ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ವಿರುದ್ಧ ಬಂಡಾಯವೆದ್ದ ಕೆ.ಎಸ್.ಈಶ್ವರಪ್ಪ ಪಕ್ಷೇತರರಾಗಿ ನಿಂತರು. ಜಿಲ್ಲೆಯಲ್ಲಿ ಅವರ ಹೆಸರು ಕೇಳದವರಿಲ್ಲ. ಆದರೆ ಸಿಕ್ಕಿದ ಚಿಹ್ನೆ, ಕಬ್ಬು ಹಿಡಿದ ರೈತ, ಮತದಾರರಿಗೆ ಹೊಸದು. ನಾಮಪತ್ರ ವಾಪಸ್ ಗಡುವು ಮುಗಿದಿದ್ದು ಏಪ್ರಿಲ್ 22ಕ್ಕೆ, ಮತದಾನ ಮೇ 7ಕ್ಕೆ. ಬೈಂದೂರಿನಿಂದ ಭದ್ರಾವತಿವರೆಗೆ ಹೊಸ ಗುರುತು ಮುಟ್ಟಿಸಲು ಇದ್ದಿದ್ದು ಹದಿನೈದೇ ದಿನ!

ಪ್ರಚಾರದಲ್ಲಿ ಅವರು ಮೋದಿ ಫೋಟೊ ಬಳಸಿದರು. ಹಳೇ ಬ್ರ್ಯಾಂಡಿನ ನಂಬಿಕೆ ಹೊಸ ಪ್ಯಾಕೆಟ್ಟಿಗೂ ಬರಲಿ ಅನ್ನೋ ಲೆಕ್ಕ ಅದು. ಆದರೆ ಹಳೇ ಪ್ಯಾಕೆಟ್ ಅದೇ ಕಪಾಟಿನಲ್ಲೇ ಇತ್ತಲ್ಲ. ಬಿಜೆಪಿಯ ಬಿ.ವೈ.ರಾಘವೇಂದ್ರಗೆ 7,78,721 ಮತ, ಈಶ್ವರಪ್ಪಗೆ 30,050. ಠೇವಣಿಯೂ ಉಳಿಯಲಿಲ್ಲ.

ಕಾಂಗ್ರೆಸ್‌ನ ಗೀತಾ ಶಿವರಾಜ್‌ಕುಮಾರ್ ಪರ ಶಿವಣ್ಣ ಊರೂರು ಸುತ್ತಿದರು. ಸ್ಟಾರ್ ಬಂದರೆ ಜನ ಸೇರ್ತಾರೆ, ವ್ಯಾಪಾರ ಕುದುರೋದು ಬೇರೆ ಮಾತು. ಅವರಿಗೆ ಬಂದಿದ್ದು 5,35,006 ಮತ.

ಹಾಗಂತ ಚಿಹ್ನೆಯೇ ಎಲ್ಲ ಅಂತಲೂ ಅಲ್ಲ. ಗೀತಾ ಅವರ ತಂದೆ ಎಸ್.ಬಂಗಾರಪ್ಪ ಇದೇ ಶಿವಮೊಗ್ಗದಿಂದ 1999ರಲ್ಲಿ ಕೈ, 2004ರಲ್ಲಿ ಕಮಲ, 2005ರ ಉಪಚುನಾವಣೆಯಲ್ಲಿ ಸೈಕಲ್ ಚಿಹ್ನೆಯಲ್ಲಿ ಗೆದ್ದರು. ಜನ ಅಂಗಡಿ ಬೋರ್ಡ್ ನೋಡಲಿಲ್ಲ, ಗಲ್ಲಾದಲ್ಲಿ ಕೂತವರನ್ನು ನೋಡಿದರು. 2009ರಲ್ಲಿ ಮತ್ತೆ ಕೈ ಚಿಹ್ನೆಯಲ್ಲಿ ನಿಂತ ಅದೇ ಬಂಗಾರಪ್ಪ, ಮೊದಲ ಸಲ ಲೋಕಸಭೆಗೆ ಸ್ಪರ್ಧಿಸಿದ್ದ ರಾಘವೇಂದ್ರ ಎದುರು ಸೋತರು.