ಬೀಟೆಮರದಲ್ಲಿ ಚಿತ್ರ: ಮೈಸೂರಿನ ಇನ್‌ಲೇ ಪೀಠೋಪಕರಣಗಳು

ಹನಕೆರೆಯು ಬೆಂಗಳೂರು–ಮೈಸೂರು ದಾರಿಯಲ್ಲಿ ಮದ್ದೂರಿಗೂ ಮಂಡ್ಯಕ್ಕೂ ನಡುವೆ ಇರುವ ಗ್ರಾಮ. ಅದರ ಒಂದು ದಿಕ್ಕಿಗೆ ಚನ್ನಪಟ್ಟಣ, ಮತ್ತೊಂದು ದಿಕ್ಕಿಗೆ ಮೈಸೂರು. ಮರಗೆಲಸದ ಎರಡು ಭಿನ್ನ ಸಂಪ್ರದಾಯಗಳು ಹೀಗೆ ಒಂದೇ ದಾರಿಯಲ್ಲಿ ನೆಲೆಗೊಂಡಿವೆ. ಚನ್ನಪಟ್ಟಣದಲ್ಲಿ ತಿರುಗುತ್ತಿರುವ ಹಾಲೆಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅಲ್ಲಿ ಅಲಂಕಾರವೆಂಬುದು ಮೇಲ್ಮೈಯ ಲೇಪ. ಮೈಸೂರಿನ ಬೀಟೆಮರದ ಮೇಜು, ಕುರ್ಚಿ, ಬಾಗಿಲುಗಳಲ್ಲಾದರೋ ಅಲಂಕಾರವು ಮರದ ಒಡಲನ್ನೇ ಹೊಕ್ಕಿರುತ್ತದೆ. ಈ ಎರಡನೆಯ ಬಗೆಯನ್ನು ಇಲ್ಲಿ ವಿವೇಚಿಸಲಾಗಿದೆ.

ಇನ್‌ಲೇ ಎಂದರೆ ಒಂದು ವಸ್ತುವಿನೊಳಗೆ ಮತ್ತೊಂದನ್ನು ಕೂರಿಸುವ ಕೆಲಸ. ಮೊದಲು ಕಾಗದದ ಮೇಲೆ ಚಿತ್ರವನ್ನು ಬರೆದು, ಅದರ ಭಾಗಗಳನ್ನು ಸಣ್ಣ ಗರಗಸದಿಂದ ಕೊಯ್ಯುತ್ತಾರೆ. ಅವುಗಳ ಹೊರಗೆರೆಯನ್ನು ಬೀಟೆಯ ಹಲಗೆಯ ಮೇಲೆ ಗುರುತಿಸಿ, ಅಷ್ಟೇ ಆಳಕ್ಕೆ ಮರವನ್ನು ಉಳಿಯಿಂದ ತೋಡಿ, ತುಂಡುಗಳನ್ನು ಅಂಟಿನಿಂದ ಕೂರಿಸಿ ಉಜ್ಜಿ ನಯಗೊಳಿಸುತ್ತಾರೆ. ದಂತದ ತುಂಡುಗಳಾದರೆ ಕಣ್ಣು, ಬೆರಳು, ವಸ್ತ್ರದ ನೆರಿಗೆಗಳನ್ನು ಗೀರಿ, ಆ ಗೀರುಗಳಿಗೆ ಕಪ್ಪು ಅರಗನ್ನು ತುಂಬುತ್ತಿದ್ದರು.

ಈ ಕಲೆಗೆ ಅರಮನೆಯ ಆಶ್ರಯವಿತ್ತು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. 1912ರಲ್ಲಿ ಪೂರ್ಣಗೊಂಡ ಹೊಸ ಅರಮನೆಯ ಅಂಬಾವಿಲಾಸಕ್ಕೆ ದಂತ ಕೂರಿಸಿದ ಬೀಟೆಯ ಬಾಗಿಲನ್ನು ಇರಿಸಲಾಯಿತು. ಕಪ್ಪುಗೆಂಪು ಮರ, ಬಿಳಿಯ ದಂತ: ಈ ವೈದೃಶ್ಯವೇ ಮೈಸೂರು ಶೈಲಿಯ ಜೀವಾಳವೆಂದು ಬಹುಕಾಲ ಭಾವಿಸಲಾಗಿತ್ತು.

ಆ ಭಾವನೆ ಪೂರ್ಣ ಸತ್ಯವಲ್ಲವೆಂಬುದನ್ನು ಮುಂದಿನ ಇತಿಹಾಸ ತೋರಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ಆದ ತಿದ್ದುಪಡಿ ಭಾರತೀಯ ದಂತದ ವ್ಯಾಪಾರವನ್ನೂ, 1991ರ ತಿದ್ದುಪಡಿ ಆಫ್ರಿಕದ ದಂತದ ವ್ಯಾಪಾರವನ್ನೂ ನಿಷೇಧಿಸಿದುವು. ಕಲೆ ಮಾತ್ರ ನಿಲ್ಲಲಿಲ್ಲ. ದಂತದ ಸ್ಥಾನಕ್ಕೆ ಪ್ಲಾಸ್ಟಿಕ್ಕೂ, ಸಹಜ ಬಣ್ಣಗಳ ಬೇರೆ ಬೇರೆ ಮರಗಳೂ ಬಂದುವು. ಹಲಸಿನ ಹಳದಿ ಬಿಸಿಲಾಯಿತು, ಬೀಟೆಯ ಕಪ್ಪು ನೆರಳಾಯಿತು. ಎರಡು ವರ್ಣಗಳ ಅಲಂಕಾರವು ಹೀಗೆ ಹಲವು ವರ್ಣಗಳ ಚಿತ್ರವಾಗಿ ಬೆಳೆಯಿತು. ದಸರಾ ಮೆರವಣಿಗೆ, ಗೀತೋಪದೇಶ, ಹಳ್ಳಿಯ ನೋಟಗಳು ಅದರ ವಸ್ತುಗಳಾದುವು. ಕಲೆಯ ಬೆಲೆ ದಂತದಲ್ಲಿರದೆ, ಯಾವ ಮರದ ಯಾವ ಎಳೆಯನ್ನು ಎಲ್ಲಿ ಇರಿಸಬೇಕೆಂಬ ತಿಳಿವಿನಲ್ಲಿತ್ತು.

ಇಂದು ಬೀಟೆಯೇ ವಿರಳವಾಗುತ್ತಿದೆ. ಅದನ್ನು ಕಡಿಯಲು ಸರ್ಕಾರದ ಅನುಮತಿ ಬೇಕು. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ದಂತವು ಚಿತ್ರದ ಒಂದು ವರ್ಣ ಮಾತ್ರವಾಗಿತ್ತು. ಬೀಟೆಯಾದರೋ ಚಿತ್ರವನ್ನು ಹೊತ್ತ ನೆಲ. ಆದುದರಿಂದ ಈ ಕೊರತೆಯು ಹಿಂದಿನದಕ್ಕಿಂತ ಕಠಿಣವಾದುದು.

ಇತಿಹಾಸದ ವಿದ್ಯಾರ್ಥಿಗಳು ಶಾಸನ, ಕಡತಗಳಂತೆಯೇ ಪೀಠೋಪಕರಣವನ್ನೂ ಆಧಾರವೆಂದು ಓದಬಹುದು. ಬಳಸಿದ ವಸ್ತುವು ಕಾಲವನ್ನೂ, ಚಿತ್ರವು ಕೊಳ್ಳುವವರ ಅಭಿರುಚಿಯನ್ನೂ, ಹೊಂದಿಕೆಯ ಬಿಗಿಯು ಕೈಯ ಶಿಕ್ಷಣವನ್ನೂ ಸೂಚಿಸುತ್ತವೆ. ಹಳೆಯ ಮನೆಗಳ ಇಂತಹ ವಸ್ತುಗಳನ್ನು ಅಳತೆ, ಚಿತ್ರಗಳೊಡನೆ ದಾಖಲಿಸುವ ಕಾರ್ಯವನ್ನು ನಮ್ಮ ಕಾಲೇಜುಗಳು ಕೈಗೊಳ್ಳಬಹುದು. ಕೆಲಸಗಾರರ ಬಾಯಿಂದ ವಿವರ ಕೇಳಿ ಬರೆದುಕೊಳ್ಳುವ ಅವಕಾಶವೂ ಈಗ ಇದೆ.