ಬೂದಿಯ ಮೇಲೆ ನಿಂತ ಏರಿ

ಕೆರೆಯ ಏರಿಯನ್ನು ಕಂಡವರಿಗೆ, ಮಣ್ಣಿನ ಕಟ್ಟೆಯೊಂದು ಅಪಾರ ಜಲರಾಶಿಯನ್ನು ತಡೆದು ನಿಲ್ಲಿಸುವುದು ಆಶ್ಚರ್ಯದ ಸಂಗತಿಯಲ್ಲ. ಅಂತಹ ಏರಿಯು ನೀರಿಗೆ ಬದಲಾಗಿ ಬೂದಿಯನ್ನು ತಡೆಯಬೇಕಾದರೆ? ಬೂದಿಯು ಘನಪದಾರ್ಥ, ಕೆಲಸ ಇನ್ನೂ ಸುಲಭವೆಂದೇ ನಮಗೆ ತೋರುವುದು. ಅಮೆರಿಕದ ಟೆನೆಸೀ ರಾಜ್ಯದ ಕಿಂಗ್‌ಸ್ಟನ್ನಿನಲ್ಲಿ ನಡೆದುದನ್ನು ನೋಡಿದರೆ ಈ ನಂಬಿಕೆ ಉಳಿಯಲಾರದು.

ಎಮರಿ ಮತ್ತು ಕ್ಲಿಂಚ್ ನದಿಗಳು ಸೇರುವ ಎಡೆಯಲ್ಲಿರುವ ಅಲ್ಲಿಯ ಉಷ್ಣವಿದ್ಯುದಾಗಾರವು 1955ರಲ್ಲಿ ಪೂರ್ಣಗೊಂಡಿತು. ಕಲ್ಲಿದ್ದಲನ್ನು ಉರಿಸುವ ವಿದ್ಯುದಾಗಾರಗಳಲ್ಲಿ ಆಗ ಅದೇ ಜಗತ್ತಿಗೆಲ್ಲ ದೊಡ್ಡದು. ಕಲ್ಲಿದ್ದಲನ್ನು ಹಿಟ್ಟಿನಂತೆ ಪುಡಿಮಾಡಿ ಉರಿಸಿದಾಗ ಹೊಗೆಯೊಡನೆ ಹೊರಡುವ ನವುರಾದ ಬೂದಿಗೆ ಹಾರುಬೂದಿ ಎಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ಅದರ ಕಣಗಳು ಗಾಜಿನ ಪುಟ್ಟ ಗುಂಡುಗಳಂತೆ ಕಾಣುತ್ತವೆ. ಕೆಲವು ಒಳಗೆ ಟೊಳ್ಳು. ಕಲ್ಲಿದ್ದಲಿನಲ್ಲಿ ಅತ್ಯಲ್ಪವಾಗಿದ್ದ ಆರ್ಸೆನಿಕ್ ಮೊದಲಾದ ವಿಷಧಾತುಗಳು ಬೂದಿಯಲ್ಲಿ ಸಾಂದ್ರಗೊಂಡಿರುತ್ತವೆ.

ಈ ಬೂದಿಯನ್ನು ನೀರಿನಲ್ಲಿ ಕಲಸಿ ನದೀತೀರದ ಹೊಂಡಕ್ಕೆ ಹರಿಯಬಿಡುತ್ತಿದ್ದರು. ಹೊಂಡ ತುಂಬಿದಂತೆ ಏರಿಯನ್ನು ಎತ್ತರಿಸಬೇಕಾಯಿತು. ಹೊಸ ಏರಿಯನ್ನು ಹಳೆಯದರ ಒಳಮಗ್ಗುಲಿಗೆ ಸರಿಸಿ, ಅದಾಗಲೇ ತಂಗಿದ್ದ ಹಸಿಬೂದಿಯ ಮೇಲೆಯೇ ಕಟ್ಟಿದರು. ದೋಷವಿದ್ದುದು ಇಲ್ಲಿಯೇ. ಯಾವುದನ್ನು ಹಿಡಿದಿಡಲು ಏರಿಯನ್ನು ಕಟ್ಟಿದರೋ ಅದೇ ಏರಿಗೆ ತಳಹದಿಯಾಯಿತು!

ಹೊಳೆಯಂಚಿನ ಒದ್ದೆ ಮರಳಿನ ಮೇಲೆ ನಿಂತು ಕಾಲಿನಿಂದ ಪದೇ ಪದೇ ತುಳಿದು ನೋಡಿ. ಗಟ್ಟಿಯಾಗಿದ್ದ ನೆಲ ಕ್ಷಣಮಾತ್ರದಲ್ಲಿ ಅಂಬಲಿಯಂತೆ ಅಲುಗಾಡತೊಡಗುವುದು. ಸಡಿಲವಾಗಿ ತಂಗಿದ ಕಣಗಳು ಒಂದಕ್ಕೊಂದು ತಾಗಿ ಮೇಲಿನ ಭಾರವನ್ನು ಹೊತ್ತಿರುತ್ತವೆ. ನಡುವಣ ಸಂದುಗಳಲ್ಲಿ ನೀರು ತುಂಬಿರುತ್ತದೆ. ಕಣಗಳು ಜರುಗಿ ಒತ್ತೊತ್ತಾಗಲು ಹವಣಿಸಿದಾಗ ಆ ನೀರು ಹೊರಬೀಳಬೇಕು. ಹಾರುಬೂದಿಯ ಸಂದುಗಳಾದರೋ ಅತಿ ಕಿರಿದು. ನೀರು ಬೇಗನೆ ಹೊರಡಲಾರದು. ಆಗ ಭಾರವು ಕಣಗಳನ್ನು ಬಿಟ್ಟು ನೀರಿನ ಮೇಲೆ ಬೀಳುತ್ತದೆ. ಪಕ್ಕಕ್ಕೆ ಜಾರುವುದನ್ನು ತಡೆಯುವ ಶಕ್ತಿ ನೀರಿಗಿಲ್ಲ. ಘನವೆಂದು ನಂಬಿದ್ದುದೆಲ್ಲ ದ್ರವದಂತೆ ಹರಿಯುತ್ತದೆ.

2008ರ ಡಿಸೆಂಬರ್ 22ರ ನಡುರಾತ್ರಿ ಕಳೆದ ಮೇಲೆ ಸುಮಾರು ಒಂದು ಗಂಟೆಗೆ ಕಿಂಗ್‌ಸ್ಟನ್ನಿನ ಏರಿ ಕುಸಿಯಿತು. ಸುಮಾರು 41 ಲಕ್ಷ ಘನಮೀಟರ್ ಬೂದಿಗೆಸರು 300 ಎಕರೆಯಷ್ಟು ಪ್ರದೇಶವನ್ನು ಮುಚ್ಚಿತು. ಎಮರಿ ನದಿಯ ಪಾತ್ರ ಹೂತುಹೋಯಿತು, ಮನೆಗಳು ಅಡಿಪಾಯ ಬಿಟ್ಟು ಸರಿದವು. ಆ ರಾತ್ರಿ ಯಾರೂ ಸಾಯದಿದ್ದುದು ಅದೃಷ್ಟವೇ ಸರಿ.

ಮಳೆ ಮತ್ತು ಹಿಮಶೀತವೇ ಕಾರಣವಿರಬೇಕೆಂದು ಮೊದಲು ಹಲವರು ಊಹಿಸಿದರು. ತಜ್ಞರು ತಳದವರೆಗೆ ಕೊರೆದು ನೋಡಿದಾಗ, ಅರ್ಧ ಶತಮಾನದ ಹಿಂದೆ ಮೊತ್ತಮೊದಲು ತಂಗಿದ್ದ ಬೂದಿ ಮತ್ತು ಮೆಕ್ಕಲಿನ ತೆಳುವಾದ ಲೋಳೆಪದರವೊಂದು ಕಂಡುಬಂದಿತು. ಮೇಲೆ ಏರುತ್ತಲೇ ಇದ್ದ ಹಸಿಬೂದಿಯ ಭಾರ, ಕೆಳಗೆ ಜಾರುವ ಈ ಪದರ! 2003ರಲ್ಲಿಯೂ 2006ರಲ್ಲಿಯೂ ಏರಿಯಿಂದ ನೀರು ಒಸರಿತ್ತು. ಕೆರೆ ಕಾಯುವ ನಮ್ಮ ನೀರಗಂಟಿಯಾಗಿದ್ದರೆ ಅಷ್ಟಕ್ಕೇ ಊರನ್ನು ಕೂಗಿ ಕರೆಯುತ್ತಿದ್ದನೇನೋ.

ಶುದ್ಧೀಕರಣದ ಕಾರ್ಯ 2015ರವರೆಗೆ ನಡೆಯಿತು. ವೆಚ್ಚವು 100 ಕೋಟಿ ಡಾಲರುಗಳನ್ನು ಮೀರಿತು. ಬೂದಿಯ ಧೂಳಿನಲ್ಲಿ ದುಡಿದ ಕೆಲಸಗಾರರಲ್ಲಿ ಅನೇಕರು ತಮಗೆ ರೋಗ ತಗುಲಿತೆಂದು ಗುತ್ತಿಗೆದಾರ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿದರು. ಸಂಸ್ಥೆಯು ಅವರ ರಕ್ಷಣೆಯಲ್ಲಿ ತಪ್ಪಿತೆಂದು 2018ರಲ್ಲಿ ಜ್ಯೂರಿ ತೀರ್ಮಾನವಿತ್ತಿತು. ಸ್ಥಳದಲ್ಲಿಯೇ ಉಳಿಸಿದ ಬೂದಿಯ ಸುತ್ತ ಹೊಸ ಗೋಡೆಯನ್ನು ಕಟ್ಟಲಾಯಿತು. ಈ ಸಲ ಅದರ ಬುಡವನ್ನು ಬೂದಿಯಲ್ಲಿ ನಿಲ್ಲಿಸದೆ, ಕೆಳಗಿನ ಬಂಡೆಯವರೆಗೂ ಇಳಿಸಿದರು.